ಚಾವಡಿ ಮಾಳಿಗೆಯ ಚೌಳು

ಕುರುಗೋಡು
೧೧ ಫೆಬ್ರವರಿ ೨೦೨೪

ಚಿ. ದಾಕ್ಷಾಯಣಿಗೆ ನಿನ್ನ ಮರಿಬಸಪ್ಪ ಮಾವನ ಆಶೀರ್ವಾದ.

ಈ ಕಾಲದಲ್ಲಿ ಕಾಗದ ಬರೆಯುತ್ತಾನಲ್ಲ ಈ ಮುದುಕ ಅಂತ ನಗಬೇಡ. ಫೋನಿನಲ್ಲಿ ನೀನು ಆಡಿದ್ದು ನನಗೆ ಅರ್ಧ ಕೇಳುತ್ತದೆ, ಉಳಿದರ್ಧ ನಾನೇ ಕಟ್ಟಿಕೊಳ್ಳುತ್ತೇನೆ. ಹೋದ ಸಲ ನೀನು ಏನೋ ಕೇಳಿದೆ, ನಾನು ಊಟ ಆಯಿತು ಅಂದೆ, ನೀನು ಗಪ್ಪಾದೆ. ಏನು ಕೇಳಿದ್ದೆಯೋ ಏನೋ. ಬಳ್ಳಾರಿಯಲ್ಲಿ ಕೊಡಿಸಿದ ಕಿವಿ ಮಷಿನ್ ಹಾಕಿಕೊಂಡರೆ ಒಳಗೆ ಕುಯ್ ಅಂತ ಶಿಳ್ಳೆ ಹೊಡೆಯುತ್ತದೆ. ಸದ್ಯ ಅದು ದೇವರ ಜಗಲಿಯ ಮೇಲೆ ನಿನ್ನ ಅತ್ತೆಯ ವಿಭೂತಿ ಡಬ್ಬಿಯ ಪಕ್ಕದಲ್ಲಿ ರೆಸ್ಟ್ ತಗೊಳ್ಳುತ್ತಿದೆ.

ಐ ಬೆಗ್ ಟು ಸ್ಟೇಟ್ ಅಂತ ಶುರು ಮಾಡಬೇಕು ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಆಮೇಲೆ ಏನು ಬರೆಯಬೇಕು ಅನ್ನುವುದು ಮರೆತಿದೆ. ವಿಷಯ ಇಷ್ಟು: ನಮ್ಮ ಮೇಗಳ ಓಣಿಯ ಚಾವಡಿಯನ್ನು ಕೆಡವುತ್ತಾರಂತೆ. ಆ ಜಾಗದಲ್ಲಿ ಸಮುದಾಯ ಭವನ ಏಳುತ್ತದಂತೆ. ಅನುದಾನ ಬಂದಿದೆ ಅಂತ ದೊಡ್ಡಬಸವರಾಜ ಹೇಳಿಕೊಂಡು ತಿರುಗುತ್ತಿದ್ದಾನೆ. ಅವನೇ, ಗೊಬ್ಬರದ ಅಂಗಡಿಯವನು, ಈಗ ಚಾವಡಿ ಕಮಿಟಿಗೆ ಅಧ್ಯಕ್ಷ. ನಡುವಿನ ತೊಲೆ ಬಾಗಿದೆ, ಮಕ್ಕಳ ತಲೆಯ ಮೇಲೆ ಬೀಳುತ್ತದೆ ಅನ್ನುತ್ತಾನೆ. ನಾನು ದಿನಾ ಅಲ್ಲೇ ಕೂಡುವವನು, ನನ್ನ ಕಣ್ಣಿಗೆ ಬಾಗಿದ್ದು ಕಾಣುವುದಿಲ್ಲ. ರೋಮ್ ವಾಸ್ ನಾಟ್ ಬಿಲ್ಟ್ ಇನ್ ಎ ಡೇ ಅಂತ ನಮ್ಮ ಲೆಕ್ಚರರ್ ಹೇಳುತ್ತಿದ್ದರು. ಕೆಡವುವುದಕ್ಕೆ ಎಷ್ಟು ದಿನ ಅಂತ ಹೇಳಿರಲಿಲ್ಲ. ಜೆಸಿಬಿ ಬಂದರೆ ಒಂದು ಬೆಳಗು ಸಾಕು.

ನೀನು ನಮ್ಮ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದುವಾಗ ಕರೆಂಟು ಹೋದರೆ ಪುಸ್ತಕ ಹಿಡಿದು ಆ ಚಾವಡಿಗೇ ಹೋಗುತ್ತಿದ್ದೆ. ಡಾಕ್ಟರೇಟಿಗೂ ಅದನ್ನೇ ಅಳೆದುಕೊಂಡು ಹೋದೆ. ಹಳೆಯ ಕಟ್ಟಡ ಉಳಿಸುವುದನ್ನೇ ಈಗ ವಡೋದರಾದ ಕಾಲೇಜಿನಲ್ಲಿ ಪಾಠ ಮಾಡುತ್ತೀ. ಅದಕ್ಕೇ ನಿನಗೆ ಬರೆದೆ. ನಿನ್ನ ಶಾಸ್ತ್ರದಲ್ಲಿ ಇದಕ್ಕೇನಾದರೂ ಮದ್ದು ಇದೆಯೇ?

ನನ್ನ ಮಟ್ಟಿಗೆ ಹೇಳುವುದಾದರೆ ನಾನು ಕರ್ತವ್ಯ ತಪ್ಪಿಸಿಲ್ಲ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಚೌಳು ಮಣ್ಣು ಹಾಕಿಸುವ ಸೇವೆ ನಿನ್ನ ಅತ್ತೆಯದು ಅಂತ ನಿನಗೆ ಗೊತ್ತಲ್ಲ. ಆ ಉಪ್ಪು ಮಣ್ಣು ಮೇಲೆ ಬಿದ್ದರೆ ಒಂದು ಹನಿ ಒಳಗಿಳಿಯುವುದಿಲ್ಲ. ಅವಳು ೨೦೨೧ರಲ್ಲಿ ಲಿಂಗೈಕ್ಯಳಾದ ಮೇಲೆ ನಾನು ಸಿರುಗುಪ್ಪದ ರೈಸ್ ಮಿಲ್ಲಿನ ಕೆಲಸ ಬಿಟ್ಟೆ, ಆ ಸೇವೆ ಕೈಗೆ ತಗೊಂಡೆ. ಅಂದಿನಿಂದ ಒಂದು ವರ್ಷವೂ ತಪ್ಪಿಸಿಲ್ಲ. ಓಣಿಯವರು ಅದೊಂದಕ್ಕೆ ನನ್ನನ್ನು ಹೊಗಳುತ್ತಾರೆ. ಉಳಿದದ್ದಕ್ಕೆ ಬೈಯುತ್ತಾರೆ, ನನಗೆ ಕೇಳುವುದಿಲ್ಲ.

ಬೇಗ ಬರಿ.

ಮರಿಬಸಪ್ಪ


ವಡೋದರಾ
೨೬ ಫೆಬ್ರವರಿ ೨೦೨೪

ಪೂಜ್ಯ ಮಾವನವರಿಗೆ ದಾಕ್ಷಾಯಣಿಯ ಶರಣು ಶರಣಾರ್ಥಿ.

ನಿಮ್ಮ ಕಾಗದವನ್ನು ಕ್ಲಾಸಿಗೇ ತೆಗೆದುಕೊಂಡು ಹೋಗಿದ್ದೆ. ನನ್ನ ವಿದ್ಯಾರ್ಥಿಗಳಿಗೆ ಮೆಟ್ಟಿಲುಬಾವಿ ಗೊತ್ತು, ಕೋಟೆ ಗೊತ್ತು. ಮರದ ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಬರೀ ಮಣ್ಣು ಹೊತ್ತು ನಿಂತ ಮಾಳಿಗೆಯನ್ನು ಅವರು ಕಂಡಿಲ್ಲ. ಮಳೆಗೆ ಕರಗುವುದಿಲ್ಲವೇ ಎಂದು ಒಬ್ಬಳು ಕೇಳಿದಳು. ನಮ್ಮತ್ತೆ ಇದ್ದಿದ್ದರೆ ಉತ್ತರ ಹೇಳುತ್ತಿದ್ದರು ಎಂದೆ.

ಮದ್ದು ಇದೆ. ಜೂನ್ ಮೂರನೆಯ ವಾರ ವಿದ್ಯಾರ್ಥಿಗಳನ್ನು ಕರೆದುಕೊಂಡು ಬರುತ್ತೇನೆ. ಕಾಲೇಜಿನಿಂದ ಪ್ರಯಾಣಕ್ಕೆ ಒಪ್ಪಿಗೆ ಸಿಕ್ಕಿದೆ. ಚಾವಡಿಗೆ ನಿಜಕ್ಕೂ ಏನಾಗಿದೆ ಎಂದು ಪರೀಕ್ಷೆ ಮಾಡಿ, ಅದನ್ನು ಕಟ್ಟಿದ ರೀತಿಯಲ್ಲೇ ದುರಸ್ತಿ ಮಾಡುವುದು ಹೇಗೆ ಎಂದು ವರದಿ ಕೊಡುತ್ತೇವೆ. ಅಲ್ಲಿಯವರೆಗೆ ಕಮಿಟಿಯವರು ತಡೆಯಬೇಕು. ಅವರನ್ನು ಒಪ್ಪಿಸುವುದು ನಿಮ್ಮ ಮೇಲಿದೆ.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ನಾವು ಬರುವವರೆಗೆ ಗೋಡೆ, ಕಂಬ, ಬಾಗಿಲು ಯಾರೂ ಮುಟ್ಟಬಾರದು. ಬಣ್ಣ ಬೇಡ, ಸಿಮೆಂಟು ಬೇಡ, ಒಂದು ಮೊಳೆಯೂ ಬೇಡ. ಹೇಗಿದೆಯೋ ಹಾಗೆ ಇರಲಿ.

ನನ್ನ ಕೆಲಸ ಚೆನ್ನಾಗಿ ನಡೆದಿದೆ. ಆ ಚಿಂತೆ ಬೇಡ. ಫೋನಿನಲ್ಲಿ ಅವತ್ತು ನಾನು ಕೇಳಿದ್ದು, ಮಷಿನ್ ಹಾಕಿಕೊಳ್ಳುತ್ತಿದ್ದೀರಾ ಅಂತ.

ದಾಕ್ಷಾಯಣಿ


ಕುರುಗೋಡು
೧೮ ಮಾರ್ಚ್ ೨೦೨೪

ಚಿ. ದಾಕ್ಷಾಯಣಿಗೆ ಆಶೀರ್ವಾದ.

ಮಿಷನ್ ಅಕಂಪ್ಲಿಶ್ಡ್. ಹೋದ ಸೋಮವಾರ ಸಂಜೆ ಚಾವಡಿಯಲ್ಲೇ ಸೇರಿದ್ದೆವು. ನಿನ್ನ ಕಾಗದ ಓದಿ ಹೇಳಿದೆ. ದೊಡ್ಡಬಸವರಾಜ ಎಲ್ಲರೂ ನಗುವ ಹಾಗೆ ಅಂದ:

"ಮರಿಬಸಪ್ಪಣ್ಣ, ನಿನ್ನ ಅಕ್ಕನ ಮಗಳು ಬಂದು ಕಂಬದ ಫೋಟೋ ಹೊಡಕೊಂಡು ಹೋಗತಾಳ. ತೊಲಿ ಬಿದ್ದ ದಿನ ಯಾರ ಬರ್ತಾರ? ನೀನಂತೂ ಬರಂಗಿಲ್ಲ, ನಿನಗ ಸಪ್ಪಳಾನ ಕೇಳಂಗಿಲ್ಲ."

ಇದು ಮಾತ್ರ ನನಗೆ ಪೂರ್ತಿ ಕೇಳಿಸಿತು. ಸಿಟ್ಟು ಬರಲಿಲ್ಲ. ಅವನಪ್ಪನೂ ಹೀಗೇ ಮಾತಾಡುತ್ತಿದ್ದ. ನಾನು ಎದ್ದು ನಿಂತು, ಅವಳೇನು ಸಣ್ಣ ಹುಡುಗಿಯಲ್ಲ, ಕಾಲೇಜಿನಲ್ಲಿ ಪರ್ಮನೆಂಟ್ ಪ್ರೊಫೆಸರ್, ಅವಳು ಸಹಿ ಮಾಡಿದ ಕಾಗದಕ್ಕೆ ಬೆಲೆ ಇದೆ ಎಂದು ಹೇಳಿದೆ. ಪರ್ಮನೆಂಟ್ ಅನ್ನುವ ಶಬ್ದಕ್ಕೆ ನಮ್ಮ ಓಣಿಯಲ್ಲಿ ತುಂಬ ತೂಕ. ನಿನ್ನ ವರದಿ ಬರುವವರೆಗೆ ಕೆಡವುವುದಿಲ್ಲ ಅಂತ ಒಪ್ಪಿಕೊಂಡಿದ್ದಾರೆ.

ಗೋಡೆ, ಕಂಬ, ಬಾಗಿಲಿಗೆ ನಾನೇ ಕಾವಲು. ಯುಗಾದಿಗೆ ಸುಣ್ಣ ಹೊಡೆಯುತ್ತೇವೆ ಅಂತ ಯಾರಾದರೂ ಬಕೆಟ್ಟು ಹಿಡಿದು ಬಂದರೆ ಹೊಸ್ತಿಲಲ್ಲೇ ತಡೆಯುತ್ತೇನೆ. ಮಷಿನ್ ಹಾಕಿಕೊಂಡು ನೋಡಿದೆ. ಶಿಳ್ಳೆ ನಿಂತಿಲ್ಲ.

ಮರಿಬಸಪ್ಪ


ಕುರುಗೋಡು
೨೨ ಮೇ ೨೦೨೪

ಚಿ. ದಾಕ್ಷಾಯಣಿಗೆ ಆಶೀರ್ವಾದ.

ಆಲ್ ಈಸ್ ರೆಡಿ. ನೀನು ಬರುವುದಷ್ಟೇ ಬಾಕಿ.

ರೋಹಿಣಿ ಮಳೆ ಕೂಡುವ ಮುಂಚೆ, ಮೊನ್ನೆ ಸೋಮವಾರ, ಮಾಳಿಗೆಗೆ ಚೌಳು ಹಾಕಿಸಿದೆ. ನಿನ್ನ ಅತ್ತೆಯ ಕಾಲದಲ್ಲಿ ಹಳ್ಳದ ದಂಡೆಯಿಂದ ಹೆಂಗಸರು ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದರು. ನಾನು ಅಷ್ಟು ಜನರನ್ನು ಎಲ್ಲಿಂದ ತರಲಿ? ರಾರಾವಿ ಕಡೆ ಕಾಲುವೆ ನೀರಿಗೆ ಚೌಳು ಬಿದ್ದ ಹೊಲ ಬೇಕಾದಷ್ಟಿವೆ. ನನ್ನ ಜೊತೆ ಮಿಲ್ಲಿನಲ್ಲಿದ್ದವನೊಬ್ಬ ಪ್ರತಿ ವರ್ಷ ಒಂದು ಟ್ರ್ಯಾಕ್ಟರ್ ಮಣ್ಣು ಕಳಿಸುತ್ತಾನೆ. ದೇವರ ಕೆಲಸಕ್ಕೆ ಅಂತ ತಂದ ಮಣ್ಣನ್ನು ತಿರುಗಿ ಒಯ್ಯಬಾರದು ಅನ್ನುತ್ತಾನೆ. ಹಾಗಾಗಿ ಇಡೀ ಟ್ರೇಲರು ಏರಿಸಿ, ಹರವಿ, ನೀರು ಚಿಮುಕಿಸಿ, ಬಡಿದು ಗಟ್ಟಿ ಮಾಡಿದ್ದೇವೆ. ಸಂಜೆ ಬಿಸಿಲಿಗೆ ಮಾಳಿಗೆ ಹೇಗೆ ಕಾಣುತ್ತಿತ್ತು ಅಂದರೆ, ಹಿಂದೆ ನಾನು ಸಿರುಗುಪ್ಪದಿಂದ ಸಂಜೆ ಬಸ್ಸಿಗೆ ಬಂದಿಳಿದಾಗ ಕಾಣುತ್ತಿದ್ದ ಹಾಗೇ. ಅವಳು ಕೆಳಗೆ ಕೈ ತೊಳೆಯುತ್ತ ನಿಂತಿರುತ್ತಿದ್ದಳು. ಆಯ್ತಾ ಅನ್ನುತ್ತಿದ್ದೆ. ಆಯ್ತು ಅನ್ನುತ್ತಿದ್ದಳು. ಅಷ್ಟೇ ಮಾತು.

ನಿನ್ನ ಮಾತಿನ ಪ್ರಕಾರ ಗೋಡೆ, ಕಂಬ, ಬಾಗಿಲು ಯಾರೂ ಮುಟ್ಟಿಲ್ಲ. ದೂರದಿಂದ ಬರುವ ಮಕ್ಕಳಿಗೆ ಹಳೆಯ ಮಾಳಿಗೆ ತೋರಿಸುವುದು ಬೇಡ ಅನ್ನಿಸಿತು. ಸ್ನಾನ ಮಾಡಿಸಿ ನಿಲ್ಲಿಸಿದ್ದೇನೆ.

ಮರಿಬಸಪ್ಪ


ವಡೋದರಾ
೮ ಜುಲೈ ೨೦೨೪

ಪೂಜ್ಯ ಮಾವನವರಿಗೆ ಶರಣು.

ಸುಖವಾಗಿ ತಲುಪಿದೆವು. ಮಕ್ಕಳು ಇನ್ನೂ ನೀವು ತಂದ ಒಗ್ಗರಣೆ ಮಿರ್ಚಿಯ ಮಾತೇ ಆಡುತ್ತಿದ್ದಾರೆ.

ಅಲ್ಲಿದ್ದಾಗ ಜನರ ನಡುವೆ ನಿಮ್ಮ ಕಿವಿಗೆ ಕೂಗಿ ಹೇಳಲು ಮನಸ್ಸಾಗಲಿಲ್ಲ. ಅದಕ್ಕೆ ಈಗ ನಿಧಾನವಾಗಿ ಬರೆಯುತ್ತೇನೆ. ಜೂನ್ ಹನ್ನೆರಡರ ಮಳೆಗೆ ನಡುವಿನ ತೊಲೆ ಸೀಳಿತು. ನಾವು ಬಂದಾಗ ಅದಕ್ಕೆ ಆನಿಕೆ ಕೊಟ್ಟು ನಿಲ್ಲಿಸಿದ್ದರು. ಕಮಿಟಿಯವರು ಕರೆಸಿದ ಎಂಜಿನಿಯರ್ ಮರ ಸತ್ತಿದೆ, ಕಟ್ಟಡದ ಆಯುಷ್ಯ ಮುಗಿದಿದೆ ಎಂದು ಹೇಳಿ ಹೋದರಂತೆ. ದೀಪಾವಳಿ ಕಳೆದ ಮೇಲೆ ಕೆಡವುವುದು ಎಂದು ದೊಡ್ಡಬಸವರಾಜ ಅವರು ನನಗೆ ಮುಖಕ್ಕೇ ಹೇಳಿದರು.

ಆದರೆ ಮರ ಸತ್ತಿಲ್ಲ ಮಾವ. ಪರೀಕ್ಷೆ ಮಾಡಿ ನೋಡಿದ್ದೇವೆ. ಗೆದ್ದಲಿಲ್ಲ, ಕೊಳೆತಿಲ್ಲ. ಸೀಳಿದ ಕಡೆ ಹೊಸ ತುಂಡು ಜೋಡಿಸಿದರೆ ತೊಲೆ ಇನ್ನೂ ಬಹಳ ಕಾಲ ನಿಲ್ಲುತ್ತದೆ. ಹಾಗಾದರೆ ಸೀಳಿದ್ದೇಕೆ? ನೀವು ತಿಂಡಿ ತರಲು ಹೋಗಿದ್ದಾಗ ಮಾಳಿಗೆಯಲ್ಲಿ ಒಂದು ಕಡೆ ಮೇಲಿನಿಂದ ಕೆಳಗಿನವರೆಗೆ ಮಣ್ಣನ್ನು ಕತ್ತರಿಸಿ ನೋಡಿದೆವು. ಫೋಟೋ ಜೊತೆಗಿಟ್ಟಿದ್ದೇನೆ. ಕೆಳಗಿನ ಪದರಗಳೆಲ್ಲ ರೊಟ್ಟಿಯ ಹಾಗೆ ತೆಳುವಾಗಿವೆ. ಮೇಲಿನ ನಾಲ್ಕು ಮಾತ್ರ ಒಂದೊಂದೂ ಮುಷ್ಟಿ ದಪ್ಪ. ಆ ತೂಕ, ಮೇಲೆ ಮಳೆ ನೀರು ಕುಡಿದ ತೂಕ, ತೊಲೆಯ ಮೇಲೆ ಬಿದ್ದಿದೆ.

ಇತ್ತೀಚಿನ ವರ್ಷಗಳಲ್ಲಿ ಏನು ಬದಲಾಯಿತು ಎಂದು ಓಣಿಯ ಹಿರಿಯರನ್ನು ಸ್ವಲ್ಪ ವಿಚಾರಿಸಿ ಬರೆಯುತ್ತೀರಾ? ತೂಕವೇ ಕಾರಣ ಎಂದು ಸಾಬೀತಾದರೆ ಕೆಡವುವ ಅಗತ್ಯವಿಲ್ಲ. ಮಣ್ಣು ಇಳಿಸಿದರೆ ಸಾಕು.

ದಾಕ್ಷಾಯಣಿ


ಕುರುಗೋಡು
೧೯ ಆಗಸ್ಟ್ ೨೦೨೪

ಚಿ. ದಾಕ್ಷಾಯಣಿಗೆ ಆಶೀರ್ವಾದ.

ಉತ್ತರ ತಡವಾಯಿತು. ಇಲ್ಲಿ ಯಾರ ಬಾಯಲ್ಲೂ ಡ್ಯಾಮಿನ ಗೇಟಿನದೇ ಮಾತು. ನೀನೂ ಟಿವಿಯಲ್ಲಿ ನೋಡಿರಬೇಕು. ಗೇಟು ಕೊಚ್ಚಿಕೊಂಡು ಹೋಗಿ ತುಂಗಭದ್ರೆ ಹಗಲೂ ರಾತ್ರಿ ಹರಿದಳು. ಸಿರುಗುಪ್ಪದಲ್ಲಿ ಭತ್ತ ನಾಟಿ ಮಾಡಿದವರ ಮುಖ ನೋಡುವ ಹಾಗಿರಲಿಲ್ಲ. ಈಗ ಹಲಗೆ ಇಳಿಸಿ ನೀರು ನಿಲ್ಲಿಸಿದ್ದಾರೆ. ನಮ್ಮ ಮಿಲ್ಲಿನ ಧಣಿಗಳು ಬರುವ ಸುಗ್ಗಿ ಹೇಗೋ ಏನೋ ಅಂತ ನನ್ನನ್ನು ಕೂಡ್ರಿಸಿಕೊಂಡು ಒಂದು ತಾಸು ಮಾತಾಡಿದರು, ನಾನು ತಲೆ ಆಡಿಸಿದೆ. ಪಕ್ಕದ ಮನೆಯ ಹಂಪಮ್ಮನ ಮೊಣಕಾಲು ನೋವು ಹಾಗೇ ಇದೆ. ನಮ್ಮ ಮನೆಯ ಹಿತ್ತಲ ನುಗ್ಗೆಯ ಕೊಂಬೆ ಮುರಿದು ಬಿತ್ತು. ಅದೂ ಗಾಳಿಗೆ.

ಫೋಟೋ ಮುಟ್ಟಿದೆ. ಪ್ರಿಂಟು ಬಹಳ ಕ್ಲಿಯರ್ ಆಗಿ ಬಂದಿದೆ.

ವಿಚಾರಿಸುತ್ತೇನೆ.

ಮರಿಬಸಪ್ಪ


ವಡೋದರಾ
೩ ಸೆಪ್ಟೆಂಬರ್ ೨೦೨೪

ಪೂಜ್ಯ ಮಾವನವರಿಗೆ ಶರಣು.

ನಿಮಗೆ ಒಂದು ವಿಷಯ ಹೇಳಿರಲಿಲ್ಲ. ನಾನು ಪರ್ಮನೆಂಟ್ ಅಲ್ಲ. ಐದು ವರ್ಷದಿಂದ ವರ್ಷವರ್ಷಕ್ಕೆ ನವೀಕರಿಸುವ ಕೆಲಸದಲ್ಲಿದ್ದೇನೆ. ನೀವು ಓಣಿಯಲ್ಲಿ ಹೇಳಿದ್ದನ್ನು ಓದಿದ ದಿನವೇ ತಿದ್ದಬೇಕಿತ್ತು. ನಿಮ್ಮ ಮಾತಿಗೆ ಅಲ್ಲಿ ಬೆಲೆ ಬಂದಿತ್ತಲ್ಲ, ಸುಮ್ಮನಾದೆ.

ಅಕ್ಟೋಬರ್ ಹದಿನೆಂಟಕ್ಕೆ ಕಾಯಂ ಹುದ್ದೆಯ ಸಂದರ್ಶನ ಇದೆ. ನಾನು ಮುಂದಿಡುವ ಕೆಲಸ ಚಾವಡಿಯದೇ. ಹಾನಿಯ ಕಾರಣ ಏನು ಎಂದು ಅವರು ಕೇಳಿಯೇ ಕೇಳುತ್ತಾರೆ. ಕಮಿಟಿಗೂ ವರದಿ ಅಷ್ಟರೊಳಗೆ ಕೊಡಬೇಕು. ದಪ್ಪ ಪದರ ಹೇಗೆ ಬಂತು ಎಂದು ಅಲ್ಲಿಯವರ ಹೇಳಿಕೆ ಇಲ್ಲದೆ ತೂಕದ ಮಾತು ಬರೀ ನನ್ನ ಊಹೆಯಾಗುತ್ತದೆ. ಎಂಜಿನಿಯರ್ ಮಾತೇ ಗೆಲ್ಲುತ್ತದೆ.

ಹೇಳಿಕೆ ಸಿಗದಿದ್ದರೆ ನಮ್ಮಲ್ಲಿ ಬರೆಯುವ ಒಂದು ಮಾತಿದೆ: ನಿರ್ವಹಣೆಯ ಕೊರತೆ. ನೋಡಿಕೊಳ್ಳುವವರು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ಅರ್ಥ. ಅದನ್ನು ಆ ಚಾವಡಿಯ ಬಗ್ಗೆ ಬರೆಯಲು ನನ್ನ ಕೈ ಬರುತ್ತಿಲ್ಲ.

ದಾಕ್ಷಾಯಣಿ


ಕುರುಗೋಡು
೨೯ ಸೆಪ್ಟೆಂಬರ್ ೨೦೨೪

ಚಿ. ದಾಕ್ಷಾಯಣಿಗೆ ಆಶೀರ್ವಾದ.

ನಿರ್ವಹಣೆಯ ಕೊರತೆ ಅಂತ ಬರೆಯಬೇಡ. ನಿನ್ನ ಅತ್ತೆ ಮದುವೆಯಾಗಿ ಬಂದ ವರ್ಷದಿಂದ ಸಾಯುವ ಹಿಂದಿನ ವರ್ಷದವರೆಗೆ ಆ ಮಾಳಿಗೆ ಏರಿದ್ದಾಳೆ. ಕೊರತೆ ಅನ್ನುವುದು ಅಲ್ಲಿಗೆ ಹೊಂದುವುದಿಲ್ಲ.

ಕೊರತೆಯಲ್ಲ ಅಂದರೆ ಮತ್ತೇನು ಎಂದು ಕೇಳುತ್ತೀ. ಹೇಳುತ್ತೇನೆ, ಪೂರ್ತಿ ಓದು.

ಫೋಟೋ ಬಂದ ದಿನವೇ ನಾನು ನಾಲ್ಕು ಪದರ ಎಣಿಸಿದ್ದೆ. ನಾಲ್ಕೂ ನನ್ನವು ಅಂತ ಗೊತ್ತಾಯಿತು. ಆದರೆ ಒಂದು ತಿಳಿಯಲಿಲ್ಲ. ನಾನೂ ಚೌಳು ಹಾಕಿದೆ, ಅವಳೂ ಹಾಕಿದಳು. ಅಷ್ಟು ವರ್ಷ ಹಾಕಿದ ಅವಳ ಮಣ್ಣೆಲ್ಲ ಸೇರಿದರೂ ನನ್ನ ನಾಲ್ಕು ವರ್ಷದಷ್ಟಿಲ್ಲ. ಅವಳ ಮಣ್ಣು ಎಲ್ಲಿ ಹೋಯಿತು? ಇದನ್ನೇ ಯೋಚಿಸುತ್ತ ಎರಡು ತಿಂಗಳು ಕಳೆದೆ. ಡ್ಯಾಮಿನ ಸುದ್ದಿ ಬರೆದದ್ದು ಅದಕ್ಕೇ.

ನಿನ್ನ ಕಾಗದ ಬಂದ ಮೇಲೆ ಫೋಟೋ ಹಿಡಿದು ಹಂಪಮ್ಮನ ಮನೆಗೆ ಹೋದೆ. ಪಕ್ಕದ ಮನೆಯಾದರೂ ನಾನು ಅವಳ ಹೊಸ್ತಿಲು ದಾಟಿ ವರ್ಷಗಳಾಗಿದ್ದವು. ಚೌಳು ಹಾಕುವಾಗ ಯಾವಾಗಲೂ ನಿನ್ನ ಅತ್ತೆಯ ಜೊತೆ ಇರುತ್ತಿದ್ದವಳು ಅವಳೇ. ಕನ್ನಡಕ ಹಾಕಿಕೊಂಡು ನೋಡಿದಳು. ಆಮೇಲೆ ಫೋಟೋ ನನ್ನ ಕೈಗಿಟ್ಟು ಗಟ್ಟಿಯಾಗಿ, ನನಗೆ ಕೇಳುವ ಹಾಗೆ ಹೇಳಿದಳು:

"ಅಣ್ಣಾ, ನೀವು ಕೆರದಿಲ್ಲ."

ನಾನು ಏನು ಕೆರೆಯುವುದು ಅಂದೆ.

"ಹೊತ್ತು ಮೂಡೂಕ ನಾವು ಏರತಿದ್ವಿ. ಹೋದ ವರ್ಷದ್ದು ಕೆರದು, ಬುಟ್ಟಿ ತುಂಬಿ ಕೆಳಗ ಇಳಸ್ತಿದ್ವಿ. ಎಷ್ಟು ಇಳಸ್ತೀವೋ ಅಷ್ಟ ಏರಸಬೇಕು, ನಿಮ್ಮ ಮನಿಯಾಕಿ ಚನ್ನವೀರಕ್ಕ ಹಂಗ ಮಾಡಸ್ತಿದ್ಲು. ಮಧ್ಯಾಹ್ನದ ಮ್ಯಾಲ ಹೊಸಾ ಮಣ್ಣು. ನೀವು ಬರೋದು ಸಂಜಿ ಬಸ್ಸಿಗೆ. ನೀವು ಕಂಡದ್ದು ಹೊಸಾದು ಅಷ್ಟ."

ದಾಕ್ಷಾಯಣಿ, ಚೌಳು ಯಾವತ್ತೂ ಸೋಮವಾರ. ಸೋಮವಾರ ಮಿಲ್ಲಿಗೆ ರಜೆಯಿಲ್ಲ. ನಾನು ಹೊರಡುವಾಗ ಕತ್ತಲು, ಬರುವಾಗ ಕೆಲಸ ಮುಗಿದಿರುತ್ತಿತ್ತು. ಆಯ್ತಾ ಅಂದರೆ ಆಯ್ತು ಅನ್ನುತ್ತಿದ್ದಳು. ಹೇಗೆ ಆಯ್ತು ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು. ಅವಳು ಹೋದ ಮೇಲೆ, ನಾನು ಕಂಡಷ್ಟನ್ನು ಸೇವೆ ಅಂದುಕೊಂಡು ಮಾಡಿಕೊಂಡು ಬಂದೆ.

ಹಂಪಮ್ಮನಿಗೆ ಸ್ವಲ್ಪ ಸಿಟ್ಟಿನಲ್ಲೇ ಕೇಳಿದೆ, ಮೊದಲ ವರ್ಷವೇ ಯಾಕೆ ಹೇಳಲಿಲ್ಲ ಅಂತ.

"ಹೇಳೀನಿ. ಟ್ರ್ಯಾಕ್ಟರ್ ಬಂದಾಗ ಕೆಳಗ ನಿಂತು ಒದರಿದೆ. ನೀವು ಮ್ಯಾಲಿಂದ ಕೈ ಮುಗದ್ರಿ. ಮರು ವರ್ಷ ಮೊಣಕಾಲು ಹಿಡೀತು, ನಾ ಹೊರಗ ಬರಲಿಲ್ಲ."

ಕೈ ಮುಗಿದದ್ದು ನನಗೆ ನೆನಪಿದೆ. ಹೊಗಳುತ್ತಿದ್ದಾಳೆ ಅಂದುಕೊಂಡಿದ್ದೆ.

ನಿನ್ನೆ ಕಮಿಟಿ ಸೇರಿತ್ತು. ಕೆಡವುವುದಕ್ಕೆ ಜೆಸಿಬಿಯವನನ್ನು ಗೊತ್ತು ಮಾಡುವ ಮಾತು ನಡೆದಿತ್ತು. ನಾನು ಎದ್ದು ನಿಂತೆ. ಫೋಟೋ ಎಲ್ಲರ ಕೈಗೂ ಕೊಟ್ಟೆ. ಈ ಮೇಲಿನ ನಾಲ್ಕು ನಾನು ಏರಿಸಿದ್ದು, ಹಳೆಯದನ್ನು ಇಳಿಸಬೇಕು ಅಂತ ನನಗೆ ಗೊತ್ತಿರಲಿಲ್ಲ ಅಂತ ಹೇಳಿದೆ. ದೊಡ್ಡಬಸವರಾಜ ಈ ಸಲ ನಗಲಿಲ್ಲ. ನನ್ನ ಹತ್ತಿರ ಬಂದು ಕಿವಿಯ ಬಳಿ ಬಾಯಿಟ್ಟು ಕೇಳಿದ:

"ಹಂಗಾರ ತೊಲಿ ಮುರದಾಂವ ನೀನ?"

"ನಾನ. ತೊಲಿ ಗಟ್ಟಿ ಐತಿ. ತೂಕ ನಂದು."

ಹಿಂದೆ ಕೂತ ಯಾರೋ ಏನೋ ಅಂದರು, ಕೆಲವರು ನಕ್ಕರು. ಏನು ಅಂದರು ಅಂತ ಈಗಲೂ ಗೊತ್ತಿಲ್ಲ. ತಿಳಿದುಕೊಳ್ಳುವ ಮನಸ್ಸೂ ಇಲ್ಲ. ಚೌಳು ಮರಿಬಸಪ್ಪ ಅಂತ ಹೆಸರಿಟ್ಟಿದ್ದಾರೆ ಎಂದು ಕಟಿಂಗ್ ಅಂಗಡಿಯವನು ಹೇಳಿದ.

ಈ ಕಾಗದವೇ ಹೇಳಿಕೆ ಅಂತ ತಿಳಿ. ಕೆಳಗೆ ಸಹಿ ಇದೆ. ನಿನ್ನ ರಿಪೋರ್ಟು ಇಂಗ್ಲಿಷಿನಲ್ಲಿರುತ್ತದೆ. ಮಡ್ ವಾಸ್ ಪುಟ್ ಅಂತ ಪ್ಯಾಸಿವ್ ವಾಯ್ಸಿನಲ್ಲಿ ತೇಲಿಸಬೇಡ. ಮರಿಬಸಪ್ಪ ಪುಟ್ ದಿ ಮಡ್ ಅಂತ ನೇರವಾಗಿ ಬರಿ. ಅವಳು ಏನು ಮಾಡುತ್ತಿದ್ದಳು ಅನ್ನುವುದನ್ನೂ ಬರಿ, ಹೆಸರು ಹಾಕಿ.

ಪರ್ಮನೆಂಟ್ ವಿಷಯಕ್ಕೆ ಬೇಜಾರಿಲ್ಲ. ನಾನೂ ಮಿಲ್ಲಿನಲ್ಲಿ ಪರ್ಮನೆಂಟ್ ಆಗಿರಲಿಲ್ಲ.

ಎಸ್. ಮರಿಬಸಪ್ಪ
ಮೇಗಳ ಓಣಿ, ಕುರುಗೋಡು


ವಡೋದರಾ
೨೬ ಅಕ್ಟೋಬರ್ ೨೦೨೪

ಪೂಜ್ಯ ಮಾವನವರಿಗೆ ಶರಣು.

ವರದಿ ಕಮಿಟಿಗೆ ಮುಟ್ಟಿರಬೇಕು. ನೀವು ಹೇಳಿದ ಹಾಗೆ ಬರೆದಿದ್ದೇನೆ. ಅತ್ತೆಯ ಹೆಸರಿದೆ, ಹಂಪಮ್ಮನವರ ಹೆಸರಿದೆ, ನಿಮ್ಮದೂ ಇದೆ. ನನ್ನದು ಒಂದು ಸಾಲು ಸೇರಿಸಿದ್ದೇನೆ. ಅದನ್ನು ನೀವು ಓದುವ ಮುಂಚೆ ನಾನೇ ಹೇಳಬೇಕು.

ಚೌಳು ಹಾಕಿಸಿದೆ ಎಂದು ನೀವು ಮೇ ತಿಂಗಳಲ್ಲಿ ಬರೆದ ಕಾಗದ ನನಗೆ ಮೂವತ್ತನೆಯ ತಾರೀಕೇ ಬಂದಿತ್ತು. ಇಡೀ ಟ್ರೇಲರು ಎಂದು ಓದಿದಾಗಲೇ ತೊಲೆಯ ಮೇಲೆ ಬೀಳುವ ತೂಕ ಲೆಕ್ಕ ಹಾಕಿದ್ದೆ. ಹಂಪಮ್ಮನವರ ಮನೆಗೆ ಒಂದು ಫೋನು ಮಾಡಿ, ಮಳೆ ಬರುವ ಮುಂಚೆ ಇಳಿಸಿಬಿಡಿ ಎನ್ನಬಹುದಿತ್ತು. ಸಮಯವಿತ್ತು. ಅತ್ತೆಯ ಸೇವೆ ಎಂದು ನೀವು ಅಷ್ಟು ಸಂತೋಷದಿಂದ ಬರೆದಿದ್ದಿರಿ. ಬಂದ ಮೇಲೆ ನಿಧಾನವಾಗಿ ಹೇಳಿದರಾಯಿತು ಎಂದುಕೊಂಡೆ. ಮಳೆ ನನಗಿಂತ ಮೊದಲು ಬಂತು. ಜುಲೈನಲ್ಲಿ ಹಿರಿಯರನ್ನು ವಿಚಾರಿಸಿ ಎಂದು ಬರೆದಾಗ, ಆ ನಾಲ್ಕು ಪದರ ಯಾರವು ಎಂದು ನನಗೆ ಗೊತ್ತಿತ್ತು. ನಿಮ್ಮ ಬಾಯಿಂದಲೇ ಬರಲಿ ಎಂದು ಕಾದೆ. ಅದು ಮರ್ಯಾದೆ ಎಂದುಕೊಂಡಿದ್ದೆ, ಈಗ ಹಾಗೆ ಅನ್ನಿಸುವುದಿಲ್ಲ. ಕೆರೆಯುವ ವಿಷಯ ಮಾತ್ರ ನನಗೂ ತಿಳಿದಿರಲಿಲ್ಲ. ಅತ್ತೆಯ ಮನೆಯಲ್ಲೇ ಬೆಳೆದೆ, ಅದೇ ಮಾಳಿಗೆಯ ಮೇಲೆ ಡಾಕ್ಟರೇಟ್ ಮಾಡಿದೆ. ಆ ಸೋಮವಾರಗಳಲ್ಲಿ ನಾನೂ ಬೆಳಗಿನ ಟ್ಯೂಷನ್ನಿಗೆ ಹೋಗಿರುತ್ತಿದ್ದೆ.

ನಾನು ಸೇರಿಸಿದ ಸಾಲು ಇದು: ಮಾಳಿಗೆಯನ್ನು ಮುಟ್ಟಬಾರದೆಂದು ನಾನು ಮುಂಚಿತವಾಗಿ ಹೇಳಿರಲಿಲ್ಲ. ತೂಕ ಹೆಚ್ಚಿದ್ದು ತಿಳಿದ ಮೇಲೂ ತಡೆಯಲಿಲ್ಲ.

ಸಂದರ್ಶನದಲ್ಲಿ ಅದೇ ಸಾಲಿಗೆ ಬೆರಳಿಟ್ಟು ಕೇಳಿದರು. ಹೌದು ಎಂದೆ. ಫಲಿತಾಂಶ ಇನ್ನೂ ಬಂದಿಲ್ಲ.

ದಾಕ್ಷಾಯಣಿ


ಕುರುಗೋಡು
೨೧ ಮೇ ೨೦೨೫

ಚಿ. ದಾಕ್ಷಾಯಣಿಗೆ ಆಶೀರ್ವಾದ.

ಆ ಹುದ್ದೆ ಬೇರೆಯವರಿಗೆ ಹೋದದ್ದನ್ನು ನೀನು ಡಿಸೆಂಬರಿನಲ್ಲಿ ತೊಲೆ ಜೋಡಿಸಲು ಬಡಗಿಗಳ ಜೊತೆ ಬಂದಾಗ ಹೇಳಿದ್ದೆ. ಇನ್ನೊಂದು ವರ್ಷ ಮುಂದುವರಿಸಿದ್ದಾರೆ ಎಂದೂ ಹೇಳಿದೆ. ಓಣಿಯಲ್ಲಿ ಯಾರಾದರೂ ಕೇಳಿದರೆ ನಾನು ಈಗ ಪರ್ಮನೆಂಟ್ ಅನ್ನುವುದಿಲ್ಲ. ಪಾಠ ಮಾಡುತ್ತಾಳೆ ಅನ್ನುತ್ತೇನೆ. ಆ ಸಾಲು ಬರೆಯದೇ ಇದ್ದಿದ್ದರೆ ಸಿಗುತ್ತಿತ್ತೇನೋ ಅಂತ ಒಂದೊಂದು ಸಲ ಅನ್ನಿಸುತ್ತದೆ. ನಿನಗೂ ಅನ್ನಿಸುತ್ತಿರಬೇಕು. ಅದರ ಬಗ್ಗೆ ನಾವಿಬ್ಬರೂ ಮಾತಾಡಿಲ್ಲ, ಬರೆದಿರಲಿ ಅಂತ ಬರೆದೆ.

ಸಮುದಾಯ ಭವನದ ಪಾಯ ಹಿಂದಿನ ಖಾಲಿ ಜಾಗದಲ್ಲಿ ಬಿದ್ದಿದೆ. ದೊಡ್ಡಬಸವರಾಜನಿಗೆ ಚಾವಡಿಯ ಮೇಲೆ ಪ್ರೀತಿ ಹುಟ್ಟಿದೆ ಅಂತ ತಿಳಿಯಬೇಡ. ಮಾರ್ಚಿನೊಳಗೆ ಕೆಲಸ ಶುರುವಾಗದಿದ್ದರೆ ಅನುದಾನ ವಾಪಸು ಹೋಗುತ್ತಿತ್ತು. ಕೆಡವಿ ಕಟ್ಟುವುದಕ್ಕಿಂತ ಖಾಲಿ ಜಾಗ ಸಲೀಸು. ನೀವು ತೊಲೆಗೆ ಜೋಡಿಸಿದ ತುಂಡಿನ ಬಣ್ಣ ಮಾತ್ರ ಬೇರೆ ಕಾಣುತ್ತದೆ. ಅವನು ಬಂದವರಿಗೆಲ್ಲ ಅದನ್ನೇ ತೋರಿಸುತ್ತಾನೆ, ತಾನೇ ಮಾಡಿಸಿದ ಹಾಗೆ.

ಈ ವರ್ಷದ ಚೌಳು ಮೊನ್ನೆ ಸೋಮವಾರ ಆಯಿತು. ಅದನ್ನು ತಿಳಿಸುವುದಕ್ಕೇ ಈ ಕಾಗದ.

ನನ್ನ ನಾಲ್ಕು ಪದರ ಡಿಸೆಂಬರಿನಲ್ಲಿ ನೀವು ಬಂದಾಗಲೇ ಇಳಿದಿದ್ದವು. ಕೆಳಗೆ ಉಳಿದ ಮೊದಲನೆಯದು ನಿನ್ನ ಅತ್ತೆ ೨೦೨೦ರಲ್ಲಿ ಹಾಕಿಸಿದ್ದು. ಚಳಿಗಾಲವೆಲ್ಲ ಅದರ ಮೇಲೆ ತಗಡು ಹೊದಿಸಿದ್ದೆವು. ಸೋಮವಾರ ಹೊತ್ತು ಮೂಡುವಾಗ ಏರಿ ತಗಡು ಸರಿಸಿದೆ. ಆ ಮಾಳಿಗೆಯ ಮೇಲೆ ಬೆಳಗನ್ನು ನಾನು ನೋಡಿದ್ದು ಅದೇ ಮೊದಲು. ಓರೆ ಬಿಸಿಲಿಗೆ ಮಣ್ಣಿನ ಮೇಲೆ ಬೆರಳಿನ ಗೆರೆ ಕಂಡವು. ಒಂದರ ಪಕ್ಕ ಒಂದು, ಅರ್ಧ ಚಂದ್ರದ ಹಾಗೆ. ಕೈಯಲ್ಲಿ ಸವರಿದವರು ಯಾರು ಅಂತ ಕೇಳಬೇಕಾಗಿರಲಿಲ್ಲ. ಇದನ್ನು ಬಿಟ್ಟು ಇದರ ಮೇಲೇ ಹೊಸದು ಹಾಕಿದರಾಯಿತು ಅಂದುಕೊಂಡು ಕುಳಿತುಬಿಟ್ಟೆ.

ಹಂಪಮ್ಮ ಮೊಣಕಾಲು ಹಿಡಿದುಕೊಂಡು ಏಣಿಯ ಬುಡಕ್ಕೆ ಬಂದು ನಿಂತಿದ್ದಳು. ಎಷ್ಟು ಹೊತ್ತಾದರೂ ಬುಟ್ಟಿ ಇಳಿಯಲಿಲ್ಲ ಅಂತ ಏನಾಯಿತು ಎಂದು ಕೇಳಿದಳು. ಇದು ಅವಳದು ಅಂದೆ.

"ಅಕಿ ಇದ್ದಿದ್ರ ಮುಂದಿನ ವರ್ಷ ತಾನ ಕೆರದು ಒಗೀತಿದ್ಲು. ಕೆರಿ ಅಣ್ಣಾ."

ಕೆರೆದೆ. ಬುಟ್ಟಿ ತುಂಬಿ ಇಳಿಸಿದೆ. ಎಷ್ಟು ಇಳಿಯಿತೋ ಅಷ್ಟೇ ಮಣ್ಣು ಮಧ್ಯಾಹ್ನದ ಮೇಲೆ ಏರಿತು. ಟ್ರೇಲರಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಟ್ರ್ಯಾಕ್ಟರಿನವನು ತಂದದ್ದನ್ನು ತಿರುಗಿ ಒಯ್ಯಬಾರದು ಅಂತ ಹಟ ಹಿಡಿದ. ಒಯ್ಯಬೇಕು ಅಂದೆ, ಒಯ್ದ.

ನಿನ್ನ ಪಾಠಕ್ಕೆ ಬೇಕಾಗಬಹುದು ಅಂತ ಬರೆಯುತ್ತೇನೆ. ಹೊಸ ಪದರ ನನ್ನ ಕಿರುಬೆರಳಿನ ದಪ್ಪ ಇದೆ. ಇನ್ನೊಂದು ಬುಟ್ಟಿ ಸುರಿಯಲು ಕೈ ಎತ್ತಿದ್ದೆ. ಸಾಕು ಅಂತ ಹಂಪಮ್ಮ ಕೆಳಗಿನಿಂದ ಒಂದೇ ಸಲ ಅಂದಳು, ಅದೂ ಒದರದೆ. ನಿಲ್ಲಿಸಿದೆ. ಮಷಿನ್ ಹಾಕಿಕೊಂಡೇ ಏರಿದ್ದೆ. ಶಿಳ್ಳೆ ಹೊಡೆಯುತ್ತದೆ, ಹೊಡೆಯಲಿ.

ಮರಿಬಸಪ್ಪ